ಐದಾದ ಮೇಲೆ ಆರು

ಕೋಲಾರ, 2024ರ ಲೆಂಟ್ ಕಾಲದ ಪುಟಗಳು

ಫೆಬ್ರವರಿ 15, ಗುರುವಾರ

ಈ ಲೆಂಟಿನಲ್ಲಿ ಎಫೆಸದವರಿಗೆ ಬರೆದ ಪತ್ರವನ್ನು ಮೊದಲಿಂದ ಕೊನೆಯವರೆಗೂ ಓದಬೇಕು ಎಂದು ನಿನ್ನೆ ಬೂದಿ ಬುಧವಾರದ ಆರಾಧನೆ ಮುಗಿಸಿ ಬರುವಾಗ ಗಟ್ಟಿಮಾಡಿಕೊಂಡೆ. ಭಕ್ತಿ ಹೆಚ್ಚಾಗಿ ಅಲ್ಲ, ಕೆಲಸ ತಲೆಮೇಲೆ ಬಿದ್ದಿದ್ದರಿಂದ. ಮಾರ್ಚ್ 1 ಲೋಕದ ಸ್ತ್ರೀಯರ ಪ್ರಾರ್ಥನಾ ದಿನ. ವರ್ಷಕ್ಕೊಂದು ದೇಶದ ಹೆಂಗಸರು ಬರೆದ ಆರಾಧನಾ ಕ್ರಮವನ್ನು ಮಾರ್ಚ್ ತಿಂಗಳ ಮೊದಲ ಶುಕ್ರವಾರ ಎಲ್ಲ ದೇಶಗಳಲ್ಲೂ ನಡೆಸುತ್ತಾರೆ. ಈ ಸಲದ್ದು ಪ್ಯಾಲೆಸ್ಟೀನಿನ ಕ್ರೈಸ್ತ ಹೆಂಗಸರದು. ಅವರು ಆರಿಸಿರುವುದು ಎಫೆಸದ ಪತ್ರದ ನಾಲ್ಕನೆಯ ಅಧ್ಯಾಯದ ಆರಂಭ. ಸೆರೆಯಲ್ಲಿದ್ದ ಪೌಲ, ಪ್ರೀತಿಯಿಂದ ಪರಸ್ಪರ ತಾಳಿಕೊಂಡು ಬಾಳಿರೆಂದು ಬೇಡಿಕೊಳ್ಳುವ ಕಡೆ. ಊರಿನ ಬೇರೆಬೇರೆ ಸಭೆಗಳ ಹೆಂಗಸರು ಸೇರುವ ಕೂಟದಲ್ಲಿ ಸಂದೇಶ ಕೊಡುವ ಸರದಿ ನನ್ನದು.

ನಾಲ್ಕಕ್ಕೇ ನಿಲ್ಲಲಾಗದೆ ಐದಕ್ಕೆ ಹೋದೆ. ನಮ್ಮ ಕಡೆ ಯಾವ ಮದುವೆಗೆ ಹೋದರೂ ಕಿವಿಗೆ ಬೀಳುವ ಭಾಗ ಅದು. ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಎನ್ನುವುದು 22ರಿಂದ 24ರವರೆಗೆ, ಮೂರೇ ವಚನ. ಅಲ್ಲಿಂದ 33ರ ತನಕ ಗಂಡಸಿಗೆ ಹೇಳಿದ್ದು. ಕ್ರಿಸ್ತ ಸಭೆಗಾಗಿ ಪ್ರಾಣ ಕೊಟ್ಟಂತೆ ನೀನು ಹೆಂಡತಿಯನ್ನು ಪ್ರೀತಿಸು ಎಂದು. ಪ್ರಸಂಗಗಳಲ್ಲಿ ಮೂರು ವಚನ ಮುಕ್ಕಾಲು ಗಂಟೆ ನಡೆಯುತ್ತದೆ, ಉಳಿದದ್ದು ಊಟದ ಹೊತ್ತಾಯಿತೆಂದು ಐದು ನಿಮಿಷದಲ್ಲಿ ಮುಗಿಯುತ್ತದೆ. 21ನೆಯ ವಚನವನ್ನು ಮದುವೆಯಲ್ಲಿ ಓದಿದ್ದು ನಾನಂತೂ ಕೇಳಿಲ್ಲ. ಎಲ್ಲರೂ ಒಬ್ಬರಿಗೊಬ್ಬರು ತಗ್ಗಿ ನಡೆಯಬೇಕೆಂದು ಪೌಲ ಹೇಳುವುದು ಅಲ್ಲಿ. ಹೆಂಡತಿಯರ ಮಾತು ಅದರ ಬೆನ್ನಿಗೇ ಬರುತ್ತದೆ.

ಪುಟ ತಿರುಗಿಸಿದರೆ ಆರನೆಯ ಅಧ್ಯಾಯ. ಮಕ್ಕಳು, ತಂದೆಗಳು, ಆಮೇಲೆ ದಾಸರು. ದಾಸರು ಧಣಿಗಳಿಗೆ ಹೆದರಿ ನಡುಗಿ, ಕ್ರಿಸ್ತನಿಗೇ ಎಂಬಂತೆ ವಿಧೇಯರಾಗಿರಬೇಕು! ಅದೇ ಕೈ, ಅದೇ ಉಸಿರು. ನಮ್ಮ ತಾತ ವೇಮಗಲ್ ಕಡೆ ಒಬ್ಬ ಗೌಡರ ಮನೆಯಲ್ಲಿ ಜೀತಕ್ಕಿದ್ದವರು. ಸಾಲ ಯಾರು ಮಾಡಿದ್ದೆಂಬುದೇ ಅವರಿಗೆ ಗೊತ್ತಿರಲಿಲ್ಲವಂತೆ. ಜೀತವನ್ನು ರದ್ದುಮಾಡುವ ಕಾನೂನು ಬಂದಿದ್ದು 1976ರಲ್ಲಿ. ಆಗ ಕೋಲಾರ ಜಿಲ್ಲೆಯ ಯಾವ ಅಯ್ಯನವರಾದರೂ ಪೀಠ ಹತ್ತಿ, ಇದು ದೇವರ ವಾಕ್ಯಕ್ಕೆ ವಿರುದ್ಧ, ಜೀತಗಾರರು ಧಣಿಯ ಮನೆಗೇ ಹಿಂತಿರುಗಲಿ ಎಂದರೆ? ಅಂದಿರಲಾರರು. ಅಂದಿದ್ದರೆ ನಮ್ಮವರೇ ಕೆಳಗಿಳಿಸುತ್ತಿದ್ದರು.

ಹಾಗಾದರೆ ಆರನೆಯ ಅಧ್ಯಾಯ ಆ ಕಾಲದ್ದು, ಐದನೆಯದು ಎಲ್ಲ ಕಾಲದ್ದು ಎಂದು ಯಾರು ಗೆರೆ ಎಳೆದರು?

ಫೆಬ್ರವರಿ 18, ಭಾನುವಾರ

ಮಾಲೂರಿನಲ್ಲಿ ತಂಗಿಯ ಮಗಳ ನಿಶ್ಚಿತಾರ್ಥ. ಹುಡುಗನ ಕಡೆಯವರು ಮುಳಬಾಗಿಲಿನವರು, ಒಂದು ಸ್ವತಂತ್ರ ಸಭೆಗೆ ಹೋಗುವವರು. ಹುಡುಗ ಒಳ್ಳೆಯವನ ಹಾಗೆ ಕಾಣುತ್ತಾನೆ, ಕಮ್ಮಿ ಮಾತು. ಅವನ ಪಾಲಿನದನ್ನೂ ಸೇರಿಸಿ ಅವರಣ್ಣ ಮಾತಾಡುತ್ತಾರೆ. ಉಂಗುರ ತೊಡಿಸುವ ಮುಂಚೆ ಬೈಬಲ್ ತೆಗೆದು ಎಫೆಸದ ಅದೇ ಐದನೆಯ ಅಧ್ಯಾಯವನ್ನು 22ರಿಂದ ಶುರುಮಾಡಿ 24ಕ್ಕೆ ನಿಲ್ಲಿಸಿದರು. ಆಮೇಲೆ ಹುಡುಗಿಯ ಕಡೆ ತಿರುಗಿ, ನಮ್ಮ ಮನೆಯಲ್ಲಿ ವಾಕ್ಯದ ಪ್ರಕಾರ ನಡೆಯುತ್ತೇವಮ್ಮ ಎಂದರು. ತಂಗಿ ತಲೆಯಾಡಿಸಿದಳು. ಅವಳಿಗೆ ಹೋಳಿಗೆ ಸಾಕಾಗುತ್ತೋ ಇಲ್ಲವೋ ಎಂಬುದರ ಮೇಲೆ ಗಮನ.

ಹುಡುಗಿ ನರಸಾಪುರದ ಕಾರ್ಖಾನೆಯಲ್ಲಿ ಶಿಫ್ಟ್ ಲೀಡರ್. ಅವಳ ಕೈಕೆಳಗೆ ಗಂಡಸರೂ ಇದ್ದಾರೆ. ಕೈ ತೊಳೆಯುವಲ್ಲಿ ಮೆಲ್ಲಗೆ ಕೇಳಿದಳು. "ದೊಡ್ಡಮ್ಮ, ಸಂಬಳ ನಂದೇ ಜಾಸ್ತಿ. ಅದನ್ನ ಯಾರ ಅಕೌಂಟಿಗೆ ಹಾಕಬೇಕು ಅನ್ನೋದೂ ವಾಕ್ಯದಲ್ಲಿದೆಯಾ?"

ನಗು ಬಂತು. ಆದರೆ ಅವಳು ನಗುತ್ತಿರಲಿಲ್ಲ.

ಇನ್ನೊಂದು ತಕರಾರು ತಾಳಿಯದು. ನಮ್ಮವರು ಶಿಲುಬೆ ಗುರುತಿನ ತಾಳಿ ಕಟ್ಟುವವರು. ಅವರು ಚಿನ್ನವನ್ನೇ ಮುಟ್ಟುವುದಿಲ್ಲ. ಅತ್ತೆಯಾಗುವವರ ಕಿವಿ, ಕತ್ತು ಎರಡೂ ಬೋಳು. ಅದೂ ವಾಕ್ಯವೇ, ತಿಮೊಥೆಯನಿಗೆ ಬರೆದ ಮೊದಲ ಪತ್ರದ ಎರಡನೆಯ ಅಧ್ಯಾಯ. ಹೆಣೆದ ಜಡೆ ಬೇಡ, ಚಿನ್ನ ಬೇಡ, ಮುತ್ತು ಬೇಡ, ಬೆಲೆಬಾಳುವ ಬಟ್ಟೆ ಬೇಡ. ಒಂದು ವಿಷಯಕ್ಕೆ ಅವರನ್ನು ಮೆಚ್ಚಬೇಕು. ಹೆಂಗಸು ಬೋಧಿಸಬಾರದು ಎಂಬ ವಚನವನ್ನು ಎತ್ತಿಹಿಡಿಯುವವರು ಅದರ ಹಿಂದಿನ ಚಿನ್ನದ ವಚನವನ್ನೂ ಪಾಲಿಸುತ್ತಾರೆ. ನಮ್ಮ ಸಾಲುಬೆಂಚಿನಲ್ಲಿ ನೆಕ್ಲೇಸು ಸರಿಮಾಡಿಕೊಳ್ಳುತ್ತಾ ಆ ವಚನಕ್ಕೆ ಆಮೆನ್ ಹೇಳುವವರು ಬೇಕಾದಷ್ಟಿದ್ದಾರೆ. ನೂರಿಪ್ಪತ್ತು ವರ್ಷ ಚಿನ್ನ ಅಗೆದು ಕೊಟ್ಟ ಸೀಮೆ ಇದು. ಇಲ್ಲಿ ಚಿನ್ನ ಬೇಡ ಅನ್ನುವುದಕ್ಕೂ ಗುಂಡಿಗೆ ಬೇಕು.

ಫೆಬ್ರವರಿ 21, ಬುಧವಾರ

ಬೆಳಿಗ್ಗೆಯಿಂದ ತಿಮೊಥೆಯನ ಪತ್ರದೊಂದಿಗೆ ಕೂತಿದ್ದೇನೆ. ಇದು ಸುಲಭವಾಗಿ ಬಗ್ಗುವ ವಾಕ್ಯವಲ್ಲ. ಹೆಂಗಸು ಮೌನವಾಗಿ ಕಲಿಯಬೇಕು, ಗಂಡಸಿನ ಮೇಲೆ ಅಧಿಕಾರ ನಡೆಸಬಾರದು ಎಂದು ಹೇಳಿ, ಅದಕ್ಕೆ ಆಧಾರವಾಗಿ ಆದಾಮ ಮೊದಲು ಹುಟ್ಟಿದ್ದು, ಹವ್ವಳು ಮೋಸಹೋಗಿದ್ದು ಎಂದು ಸೃಷ್ಟಿಗೇ ಕೈಹಾಕುತ್ತದೆ. ಎಫೆಸದಲ್ಲಿ ಆಗ ಯಾವುದೋ ದುರ್ಬೋಧನೆ ಹರಡಿತ್ತು, ಅದಕ್ಕಾಗಿ ಬರೆದದ್ದು ಅಷ್ಟೇ ಎನ್ನುವವರ ಮಾತು ನನಗೆ ಇಷ್ಟವಾದರೂ ಪೂರ್ತಿ ಒಪ್ಪಿಕೊಳ್ಳಲು ಮನಸ್ಸು ಬರುವುದಿಲ್ಲ. ಊರಿನ ಜಗಳಕ್ಕೆ ಹವ್ವಳನ್ನು ಯಾಕೆ ಕರೆಸಬೇಕಿತ್ತು? ಇದನ್ನು ಪೌಲನೇ ಬರೆದದ್ದಲ್ಲ, ಅವನ ಕಾಲದ ನಂತರ ಶಿಷ್ಯರು ಬರೆದದ್ದು ಎಂಬ ಪಂಡಿತರೂ ಬಹಳ ಇದ್ದಾರೆ. ಅದರಿಂದ ನನ್ನ ಕಷ್ಟವೇನೂ ಕಮ್ಮಿಯಾಗದು. ಯಾರೇ ಬರೆದಿರಲಿ, ನನ್ನ ಬೈಬಲಿನಲ್ಲಿದೆ.

ನಿಜವಾಗಿ ತಡೆದು ನಿಲ್ಲಿಸುವುದು ಅದರ ಕೊನೆಯ ವಚನ. ಹೆಂಗಸು ಮಕ್ಕಳನ್ನು ಹೆರುವುದರ ಮೂಲಕ ರಕ್ಷಣೆ ಹೊಂದುವಳಂತೆ. ಇದರ ಮೇಲೆ ಪ್ರಸಂಗ ಕೇಳಿದವರು ಯಾರಾದರೂ ಇದ್ದಾರೆಯೇ? ಹನ್ನೆರಡನೆಯ ವಚನಕ್ಕೆ ಮೇಜು ಗುದ್ದುವವರು ಹದಿನೈದನೆಯದರ ಹತ್ತಿರ ಬಂದಾಗ ಕನ್ನಡಕ ಒರೆಸುತ್ತಾರೆ. ಮಕ್ಕಳಿಲ್ಲದ ಹೆಂಗಸರು ನಮ್ಮ ಸಭೆಯಲ್ಲೇ ಎಷ್ಟು ಜನ, ನಂಬಿಕೆಯಲ್ಲಿ ಮಿಕ್ಕವರಿಗಿಂತ ಗಟ್ಟಿಯಾದವರು. ಹೆರಿಗೆಯಲ್ಲೇ ಹೋದವರ ಲೆಕ್ಕ ಬೇರೆ. ಹೆಂಗಸರು ಹೆರಿಗೆಯಲ್ಲಿ ಸಾಯಬಾರದೆಂದು ಸಮುದ್ರ ದಾಟಿ ಬಂದ ಹೆಂಗಸರಿಂದಲೇ ನಮ್ಮೂರಿನ ಮಿಷನ್ ಆಸ್ಪತ್ರೆಯಾದದ್ದು. ಅದರ ಹೆಸರಿನಲ್ಲಿರುವ ಎಲೆನ್ ಥೋಬರ್ನ್ ಕೋವೆನ್ ಅಮೆರಿಕದ ಮೆಥೊಡಿಸ್ಟ್ ಹೆಂಗಸರ ಮಿಷನರಿ ಸಂಘದ ಸಿನ್ಸಿನಾಟಿ ಶಾಖೆಯ ಕಾರ್ಯದರ್ಶಿ. 1870ರಲ್ಲಿ ಲಖನೌಗೆ ಬಂದು ಹೆಣ್ಣುಮಕ್ಕಳ ಶಾಲೆ ತೆರೆದ ಇಸಬೆಲ್ಲಾ ಥೋಬರ್ನ್ ಅವರ ಸಹೋದರಿ. ಇಸಬೆಲ್ಲಾ ಮದುವೆಯಾಗಲಿಲ್ಲ, ಹೆರಲಿಲ್ಲ. ಅಕ್ಷರಕ್ಕೆ ಅಕ್ಷರ ಓದಿದರೆ ಅವರ ಗತಿ?

ಇನ್ನೊಂದು ನೆನಪಿಡಬೇಕಾದ್ದು. ಈ ಪತ್ರ ತಲುಪುವಾಗ ತಿಮೊಥೆಯನಿದ್ದದ್ದು ಎಫೆಸದಲ್ಲಿ. ಅಪೊಲ್ಲೋಸನೆಂಬ ದೊಡ್ಡ ವಾಗ್ಮಿಯನ್ನು ಪಕ್ಕಕ್ಕೆ ಕರೆದು, ಪ್ರಿಸ್ಕಿಲ್ಲ ಮತ್ತವಳ ಗಂಡ ಅಕ್ವಿಲ ಅವನಿಗೆ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ಕಲಿಸಿದ್ದೂ ಅದೇ ಎಫೆಸದಲ್ಲಿ. ಅಪೊಸ್ತಲರ ಕೃತ್ಯಗಳು, 18ನೆಯ ಅಧ್ಯಾಯ. ಈ ದಂಪತಿಯ ಹೆಸರು ಹೊಸ ಒಡಂಬಡಿಕೆಯಲ್ಲಿ ಆರು ಕಡೆ ಬರುತ್ತದೆ, ಹಳೆಯ ಪ್ರತಿಗಳ ಪ್ರಕಾರ ನಾಲ್ಕು ಕಡೆ ಹೆಂಡತಿಯದೇ ಮೊದಲು. ಡೇರೆ ಹೊಲಿಯುವ ಕಸುಬಿನವರು, ಪೌಲನ ಜೊತೆ ಕೂತು ಹೊಲಿದವರು. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲೂ ಆಕೆಗೆ ವಂದನೆ ಹೋಗಿದೆ. ಬಾಯಿ ಮುಚ್ಚಿಕೊಂಡಿರು ಎಂಬ ಮಾತು ಅದರಲ್ಲಿಲ್ಲ.

ಫೆಬ್ರವರಿ 23, ಶುಕ್ರವಾರ

ರಾತ್ರಿ ಊಟಕ್ಕೆ ಕೂತಾಗ ನಮ್ಮ ಯಜಮಾನರು ಸರಿಯಾಗಿ ಹಿಡಿದರು. "ಆರನ್ನ ಹಳೇ ಕಾಲದ್ದು ಅಂದೆ, ಈಗ ಐದನ್ನೂ ಅಂತೀಯ. ನಾಳೆ ಯಾರಾದ್ರೂ ನಾಲ್ಕನ್ನೂ ಅಂದ್ರೆ? ಶತ್ರುವನ್ನ ಕ್ಷಮಿಸು ಅನ್ನೋದೂ ಹಳೇದಾಗುತ್ತೆ. ಎಲ್ಲಿಗೆ ನಿಲ್ಲಿಸ್ತೀಯ?"

ಇವರು ಎಲ್.ಐ.ಸಿ.ಯಲ್ಲಿದ್ದವರು, ಷರತ್ತು ಓದುವುದು ರಕ್ತದಲ್ಲಿದೆ. ಪ್ರಶ್ನೆ ನ್ಯಾಯವಾದದ್ದೇ. ಪಾತ್ರೆ ತೊಳೆಯುತ್ತಾ ಯೋಚಿಸಿದೆ. ನಾನು ಆರನ್ನು ಬಿಟ್ಟಿದ್ದೇನೆಂಬುದು ಸರಿಯಲ್ಲ. ಅದರ ಒಂಬತ್ತನೆಯ ವಚನ ಧಣಿಗಳಿಗೆ ಹೇಳುತ್ತದೆ, ನಿಮಗೂ ಅವರಿಗೂ ಪರಲೋಕದಲ್ಲಿ ಒಬ್ಬನೇ ಧಣಿ, ಅವನಲ್ಲಿ ಪಕ್ಷಪಾತವಿಲ್ಲ ಎಂದು. ದಾಸತ್ವದ ಬುಡಕ್ಕೆ ನೀರು ನುಗ್ಗಿದ್ದು ಅಲ್ಲಿಂದ. ಅಮೆರಿಕದ ಮೆಥೊಡಿಸ್ಟರೇ 1844ರಲ್ಲಿ ಇದಕ್ಕಾಗಿ ಒಡೆದು ಎರಡಾದರು. ದಾಸರನ್ನು ಇಟ್ಟುಕೊಂಡವನು ಬಿಷಪ್ ಆಗಿರಬಹುದೇ ಎಂಬ ಜಗಳ. ದಕ್ಷಿಣದವರು ದಾಸರಿಗೆ ಹೇಳಿದ ಐದನೆಯ ವಚನ ಹಿಡಿದರು, ದಾಸತ್ವ ಅಳಿಸಬೇಕೆಂದವರು ಒಂಬತ್ತನೆಯದನ್ನು. ಪುಸ್ತಕ ಒಂದೇ. ನಮ್ಮೂರಿಗೆ ಬಂದ ಮಿಷನರಿಗಳು ಉತ್ತರದ ಪಾಲಿನವರು. ದಕ್ಷಿಣದವರ ಓದು ಗೆದ್ದು ಇಲ್ಲಿಗೂ ಬಂದಿದ್ದರೆ ನಮ್ಮ ತಾತನಿಗೆ ಏನು ಬೋಧಿಸುತ್ತಿದ್ದರೋ.

ಹಾಗೇ ಐದನೆಯ ಅಧ್ಯಾಯದಲ್ಲೂ 21 ಇದೆ. ಪತ್ರ ಯಾವ ಕಡೆ ಮುಖ ಮಾಡಿ ಹೊರಟಿದೆ ಎಂದು ನೋಡಿ ಒಂದೊಂದು ವಚನವನ್ನು ಓದುತ್ತೇನೆ. ಗಲಾತ್ಯದವರಿಗೆ ಬರೆಯುವಾಗ ಪೌಲ ಮೂರು ಜೋಡಿ ಹೇಳುತ್ತಾನೆ, ಯೆಹೂದ್ಯ ಮತ್ತು ಗ್ರೀಕ, ದಾಸ ಮತ್ತು ಸ್ವತಂತ್ರ, ಗಂಡು ಮತ್ತು ಹೆಣ್ಣು. ಕ್ರಿಸ್ತನಲ್ಲಿ ಈ ಭೇದಗಳಿಲ್ಲ ಎಂದು. ಮೊದಲನೆಯ ಜೋಡಿಗಾಗಿ ಅಪೊಸ್ತಲರೇ ಜೆರೂಸಲೇಮಿನಲ್ಲಿ ಕೂತು ಜಗಳವಾಡಿ ತೀರ್ಮಾನಿಸಿದರು. ಎರಡನೆಯದಕ್ಕೆ ಸಾವಿರದ ಎಂಟುನೂರು ವರ್ಷ ಹಿಡಿಯಿತು.

ಇವರಿಗೆ ಇದನ್ನೆಲ್ಲ ಹೇಳುವಷ್ಟರಲ್ಲಿ ನಿದ್ದೆ ಹೋಗಿದ್ದರು.

ಫೆಬ್ರವರಿ 25, ಭಾನುವಾರ

ಬೇರೊಂದು ಸಭೆಯ ಹಿರಿಯರ ಫೋನು. ಬಹಳ ಮರ್ಯಾದೆಯಿಂದಲೇ ಮಾತಾಡಿದರು. ಅಂದು ಗಂಡಸರೂ ಬರುತ್ತಾರೆ, ಅದಕ್ಕೆ ಪೀಠದ ಮೇಲೆ ಹತ್ತದೆ ಕೆಳಗೆ ಓದುವ ಮೇಜಿನ ಹತ್ತಿರ ನಿಂತು ಮಾತಾಡಿದರೆ ಚೆನ್ನ, ಅದನ್ನು ಪ್ರಸಂಗ ಅನ್ನದೆ ಸಾಕ್ಷಿ ಅನ್ನೋಣ ಮೇಡಂ ಎಂದರು. ಕಾರಣ, ಕೊರಿಂಥದವರಿಗೆ ಬರೆದ ಮೊದಲ ಪತ್ರ, ಅಧ್ಯಾಯ 14, ಹೆಂಗಸರು ಸಭೆಯಲ್ಲಿ ಮೌನವಾಗಿರಲಿ, ಏನಾದರೂ ತಿಳಿಯಬೇಕಿದ್ದರೆ ಮನೆಯಲ್ಲಿ ಗಂಡನನ್ನು ಕೇಳಲಿ ಎಂಬುದು. ನನ್ನ ಗಂಡ ನನ್ನನ್ನೇ ಕೇಳುತ್ತಾರೆ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ.

ಅದೇ ಪತ್ರದ 11ನೆಯ ಅಧ್ಯಾಯದಲ್ಲಿ ಹೆಂಗಸು ಪ್ರಾರ್ಥಿಸುವಾಗ, ಪ್ರವಾದಿಸುವಾಗ ತಲೆಗೆ ಮುಸುಕಿರಲಿ ಎಂದಿದೆ. ಮುಸುಕಿನ ಬಗ್ಗೆ ಹೇಳಬೇಕಾದರೆ ಅವಳು ಸಭೆಯಲ್ಲಿ ಬಾಯಿಬಿಟ್ಟು ಮಾತಾಡುತ್ತಿದ್ದಳು ಎಂದಾಯಿತಲ್ಲ. ಮೂರು ಅಧ್ಯಾಯ ಕಳೆಯುವಷ್ಟರಲ್ಲಿ ಪೌಲ ಮರೆತನೇ? 14ನೆಯ ಅಧ್ಯಾಯದ ಆ ಎರಡು ಮೌನದ ವಚನಗಳು ಕೆಲವು ಹಳೆಯ ಹಸ್ತಪ್ರತಿಗಳಲ್ಲಿ ಈಗಿರುವ ಜಾಗದಲ್ಲಿಲ್ಲ, ಅಧ್ಯಾಯದ ಕೊನೆಯಲ್ಲಿವೆ. ಅದಕ್ಕೇ ಯಾರೋ ಅಂಚಿನಲ್ಲಿ ಬರೆದ ಟಿಪ್ಪಣಿ ಒಳಗೆ ಸೇರಿಕೊಂಡಿರಬೇಕೆಂದು ಕೆಲವರು ಊಹಿಸುತ್ತಾರೆ. ನನಗೆ ಆ ಊಹೆ ಬೇಕಿಲ್ಲ. ಗದ್ದಲದ ಸಭೆಗೆ ಕ್ರಮ ಹೇಳಿಕೊಡುವ ಅಧ್ಯಾಯ ಅದು. ಒಬ್ಬ ಮಾತಾಡುವಾಗ ಇನ್ನೊಬ್ಬ ಸುಮ್ಮನಿರಲಿ ಎಂದು ಗಂಡಸರಿಗೂ ಅದೇ ಅಧ್ಯಾಯ ಹೇಳುತ್ತದೆ. ಕಮಿಟಿ ಮೀಟಿಂಗಿನಲ್ಲಿ ಆ ಮಾತನ್ನು ಯಾರೂ ನೆನೆಸಿಕೊಳ್ಳುವುದಿಲ್ಲ.

ನಮ್ಮಜ್ಜಿ ಬೈಬಲ್ ವುಮನ್ ಆಗಿದ್ದವರು. ಬಿಳಿ ಸೀರೆ, ಛತ್ರಿ, ಬಗಲಿಗೆ ಚೀಲ. ಟೇಕಲ್ ಕಡೆಯ ಹಳ್ಳಿಗಳಿಗೆ ನಡೆದೇ ಹೋಗುತ್ತಿದ್ದರಂತೆ. ಅಯ್ಯನವರು ಕಾಲಿಡಲಾಗದ ಅಡಿಗೆಮನೆಗಳ ಒಳಗೆ ಕೂತು ಸುವಾರ್ತೆ ಹೇಳುತ್ತಿದ್ದರು, ತೆಲುಗಿನವರಿಗೆ ತೆಲುಗಿನಲ್ಲಿ. ಬಾಗಿಲ ಹೊರಗೆ ಜಗಲಿಯಲ್ಲಿ ಗಂಡಸರೂ ಕೂತು ಕೇಳುತ್ತಿದ್ದರೆಂದು ಅವರೇ ಹೇಳಿ ನಗುತ್ತಿದ್ದರು. ಅದನ್ನು ಪ್ರಸಂಗ ಅನ್ನಬೇಕೋ ಸಾಕ್ಷಿ ಅನ್ನಬೇಕೋ ಆ ಹಿರಿಯರನ್ನು ಕೇಳಬೇಕು. ಅಜ್ಜಿಯ ತಾಯಿ ಧಾತು ಈಶ್ವರ ಬರದಲ್ಲಿ ಅನಾಥಳಾಗಿ, ಮಿಸ್ ಆನ್‌ಸ್ಟೀಯವರ ಅನಾಥಾಶ್ರಮದಲ್ಲಿ ಬೆಳೆದವಳು. ಆನ್‌ಸ್ಟೀ ಒಂಟಿ ಹೆಂಗಸು. ಕೋಲಾರದಲ್ಲಿ ಮಿಷನ್ ಕಟ್ಟಿ, ಬರದ ಮಕ್ಕಳನ್ನು ಸಾಕಿ, 1890ರಲ್ಲಿ ಮೆಥೊಡಿಸ್ಟರಿಗೆ ವಹಿಸಿಕೊಟ್ಟರು. ಈ ಊರಿನ ಸಭೆಗೆ ಅಡಿಪಾಯ ಹಾಕಿದ್ದೇ ಒಬ್ಬ ಹೆಂಗಸು. ಮೌನವಾಗಿ ಹಾಕಿರಲಾರರು.

ಮಾರ್ಚ್ 1, ಶುಕ್ರವಾರ

ಕೂಟ ಆಯಿತು. ನಾನು ನಿಂತದ್ದು ಓದುವ ಮೇಜಿನ ಹತ್ತಿರವೇ. ತಗ್ಗಿದ್ದೇನೂ ಅಲ್ಲ, ಪೀಠದ ಮೈಕು ಕೆಟ್ಟಿತ್ತು. ಹಿರಿಯರ ಮುಖದಲ್ಲಿ ಸಮಾಧಾನ ಕಂಡು ಒಳಗೊಳಗೇ ಕಿರಿಕಿರಿಯಾಯಿತು.

ಗಾಜಾದ ಸುದ್ದಿ ದಿನವೂ ಟಿವಿಯಲ್ಲಿ ಬರುತ್ತಿರುವಾಗ ಆ ದೇಶದ ಹೆಂಗಸರು ಬರೆದ ಪ್ರಾರ್ಥನೆಗಳನ್ನು ನಮ್ಮ ಕೋಲಾರದ ಹೆಂಗಸರು ಓದಿದರು. ತಾಳ್ಮೆಯನ್ನು ಪೌಲ ಎಲ್ಲರಿಂದಲೂ ಬೇಡುತ್ತಾನೆ, ಮನೆಯಲ್ಲಿ ಒಬ್ಬರಿಂದ ಮಾತ್ರ ಕೇಳುವುದು ಅವನ ಮಾತಲ್ಲ ಎಂದಷ್ಟೇ ಹೇಳಿ, ಐದು ಮತ್ತು ಆರನೆಯ ಅಧ್ಯಾಯಗಳ ಕಡೆ ಬಂದೆ. ಜೀತದ ಮಾತು ಎತ್ತಿದಾಗ ಹಿಂದಿನ ಸಾಲಿನ ಗಂಡಸರೂ ತಲೆಯೆತ್ತಿದರು. ಹೆಂಡತಿಯ ಮಾತಿಗೆ ಬಂದಾಗ ಕೆಲವರು ಮತ್ತೆ ಮೊಬೈಲ್ ನೋಡಿಕೊಂಡರು.

ಆಮೇಲೆ ಚಹಾ ಕೊಡುವಲ್ಲಿ ಶ್ರೀನಿವಾಸಪುರದ ಕಡೆಯ ಹಳ್ಳಿಯೊಂದರ ಹೆಂಗಸು ಹತ್ತಿರ ಬಂದು ಕೇಳಿದಳು. "ಅಕ್ಕಾ, ತಾಳ್ಕೊಳ್ಳೋದು ಅಂದ್ರೆ ಏಟೂ ತಾಳ್ಕೊಬೇಕಾ? ನಮ್ಮ ಪಾಸ್ಟರು ಪೇತ್ರನ ಪತ್ರ ಓದಿ ಮನೆಗೆ ಕಳಿಸಿದ್ರು."

ನಾನು ತಯಾರಿಸಿದ ಸಂದೇಶದಲ್ಲಿ ಇದಕ್ಕೆ ಒಂದು ಸಾಲೂ ಇರಲಿಲ್ಲ. ಬೇಡ ಕಣಮ್ಮ ಎಂದೆ. ನೊಂದ ಹೆಂಗಸರಿಗಿರುವ ಸಾಂತ್ವನ ಕೇಂದ್ರದ ವಿಷಯ ಹೇಳಿ, ಮಹಿಳಾ ಸಹಾಯವಾಣಿಯ 181 ನಂಬರನ್ನು ಅವಳ ಮಗಳ ಫೋನಿನಲ್ಲಿ ಹಾಕಿಕೊಟ್ಟೆ. ಸೋಮವಾರ ಜೊತೆಗೆ ಬರುತ್ತೇನೆಂದೂ ಹೇಳಿದ್ದೇನೆ.

ಮಾರ್ಚ್ 5, ಮಂಗಳವಾರ

ನಿನ್ನೆ ಅವಳು ಬಂದಿದ್ದಳು. ಅರ್ಜಿ ಬರೆಸಿದ್ದಾಯಿತು. ಹೆಚ್ಚು ಬರೆಯುವುದಿಲ್ಲ, ಅದು ಅವಳ ಮಾತು.

ಪೇತ್ರನ ಮೊದಲ ಪತ್ರ ತೆಗೆದು ನೋಡಿದರೆ ಅಲ್ಲೂ ಅದೇ ಕಥೆ. ಹೆಂಡತಿಯರ ಮಾತು ಮೂರನೆಯ ಅಧ್ಯಾಯದ ಶುರುವಿಗೆ. ಅದರ ಹಿಂದೆಯೇ ದಾಸರ ಮಾತು, ಕ್ರೂರಿ ಧಣಿಗೂ ಅಧೀನರಾಗಿರಿ ಎಂದು. ಅದರಂತೆಯೇ ಹೆಂಡತಿಯರೂ ಎಂದು ಪೇತ್ರ ಮುಂದುವರಿಸುತ್ತಾನೆ. ಅಧ್ಯಾಯಗಳ ಗೆರೆ ಎಳೆದವರು ಸಾವಿರ ವರ್ಷದ ಮೇಲೆ ಬಂದವರು, ನಡುವೆ ಕತ್ತರಿಸಿಬಿಟ್ಟರು. ಸಾರಳು ಅಬ್ರಹಾಮನಿಗೆ ವಿಧೇಯಳಾಗಿದ್ದಳೆಂದು ಉದಾಹರಣೆ ಇದೆ. ಆದಿಕಾಂಡದ 21ನೆಯ ಅಧ್ಯಾಯದಲ್ಲಿ ಸಾರಳು ಹೇಳಿದಂತೆ ಕೇಳೆಂದು ದೇವರೇ ಅಬ್ರಹಾಮನಿಗೆ ಹೇಳಿದ್ದನ್ನು ಯಾರೂ ಉದಾಹರಿಸುವುದಿಲ್ಲ. ಮನೆಯಿಂದ ಹೊರಬಿದ್ದ ದಾಸಿ ಹಾಗರಳ ಪಾಲಿಗೆ ಆ ಮಾತು ಒಳ್ಳೆಯದಾಗಲಿಲ್ಲ, ಅದು ಬೇರೆ ಸಂಕಟ.

ವಕೀಲರ ಕಚೇರಿಯಲ್ಲಿ ಕೂತಾಗ ಇನ್ನೊಂದು ತಿಳಿಯಿತು. ಓದು ಪೀಠದಿಂದ ಇಳಿದು ಕಾನೂನಿಗೂ ಹೋಗುತ್ತದೆ. ಭಾರತದ ಕ್ರೈಸ್ತರಿಗೆ ಬ್ರಿಟಿಷರು 1869ರಲ್ಲಿ ಮಾಡಿದ ವಿಚ್ಛೇದನ ಕಾಯ್ದೆಯಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಿತ್ತು. ಹೆಂಡತಿಗೆ ಸಾಮಾನ್ಯವಾಗಿ ಅದೊಂದೇ ಸಾಲದು, ಜೊತೆಗೆ ಕ್ರೌರ್ಯವೋ ಎರಡು ವರ್ಷ ತೊರೆದುಹೋಗಿದ್ದೋ ಸೇರಬೇಕಿತ್ತು. ಹೊಡೆತವೊಂದೇ ಇದ್ದರೆ ಬಿಡುಗಡೆಯಿಲ್ಲ. ಮೂರನೆಯವನಿಂದ ಗಂಡ ಪರಿಹಾರದ ಹಣ ಕೇಳಲೂ ಅವಕಾಶವಿತ್ತು, ಬೇಲಿ ಮುರಿದ ದನದ ಒಡೆಯನಿಂದ ದಂಡ ವಸೂಲು ಮಾಡಿದ ಹಾಗೆ. 1995ರಲ್ಲಿ ಕೇರಳ ಹೈಕೋರ್ಟು ಅಮ್ಮಿಣಿಯವರ ಮೊಕದ್ದಮೆಯಲ್ಲಿ ಈ ತಾರತಮ್ಯವನ್ನು ತಳ್ಳಿಹಾಕಿತು. ಸಂಸತ್ತು ಕಾಯ್ದೆ ತಿದ್ದಿದ್ದು 2001ರಲ್ಲಿ. ಅಂದರೆ ನನ್ನ ಮದುವೆಯಾದಾಗ ಹಳೆಯದೇ ಇತ್ತು! ಇವರಿಗೆ ಹೇಳಿದೆ. "ಪುಣ್ಯ, ಉಪಯೋಗಿಸೋ ಪ್ರಸಂಗ ಬರಲಿಲ್ಲ" ಎಂದರು.

ಮಾರ್ಚ್ 8, ಶುಕ್ರವಾರ

ಶಿವರಾತ್ರಿ. ಅಂತರಗಂಗೆಗೆ ಹೋಗುವವರಿಂದ ಬೆಳಿಗ್ಗೆಯಿಂದ ರಸ್ತೆ ತುಂಬಿದೆ. ಮಹಿಳಾ ದಿನವೂ ಇವತ್ತೇ. ವಾಟ್ಸಾಪಿನಲ್ಲಿ ಗುಲಾಬಿ ಹೂಗಳ ಜೊತೆ ಜ್ಞಾನೋಕ್ತಿಗಳ 31ನೆಯ ಅಧ್ಯಾಯ ಬಂದಿದೆ, ನನಗೆ ಕಳಿಸಿದವರೆಲ್ಲ ಗಂಡಸರೇ. ಆ ಅಧ್ಯಾಯದ ಗುಣವತಿ ಹೊಲ ನೋಡಿ ತಾನೇ ಕೊಳ್ಳುತ್ತಾಳೆ, ಸಂಪಾದನೆಯಿಂದ ದ್ರಾಕ್ಷಿ ತೋಟ ಹಾಕುತ್ತಾಳೆ, ನಡುಕಟ್ಟುಗಳನ್ನು ವರ್ತಕರಿಗೆ ಮಾರುತ್ತಾಳೆ. ಅಕೌಂಟಿನ ಪ್ರಶ್ನೆಗೆ ವಾಕ್ಯ ಇಲ್ಲಿದೆ ಎಂದು ಮಾಲೂರಿನ ಹುಡುಗಿಗೆ ಬರೆದೆ. ಬೆರಳೆತ್ತಿದ ಚಿತ್ರವೊಂದು ಉತ್ತರವಾಗಿ ಬಂತು.

ಮಧ್ಯಾಹ್ನ ಪಂಡಿತಾ ರಮಾಬಾಯಿಯವರ ಬಗ್ಗೆ ಓದಿದೆ. ಹುಟ್ಟಿದ್ದು 1858ರಲ್ಲಿ, ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಅವರ ತಂದೆ ಪಂಡಿತರ ಕೋಪಕ್ಕೆ ಗುರಿಯಾದವರು. ಮುಂದೆ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದು, ಚೆಲ್ಟನ್‌ಹ್ಯಾಮಿನಲ್ಲಿದ್ದಾಗ ಗಂಡು ವಿದ್ಯಾರ್ಥಿಗಳಿಗೆ ಪಾಠ ಹೇಳಲು ಹೊರಟರೆ ಬಿಷಪ್ಪರ ಆಕ್ಷೇಪಣೆ! ಅಲ್ಲಿ ಶಾಸ್ತ್ರಿಗಳು, ಇಲ್ಲಿ ಬಿಷಪ್ಪರು. ಆಕೆ ಮಣಿಯುವವರಾಗಿರಲಿಲ್ಲ. ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದರು. ಅದನ್ನು ಕೆಡಗಾಂವಿನ ಮುಕ್ತಿ ಸದನದ ಮುದ್ರಣಾಲಯದಲ್ಲಿ ಅಚ್ಚುಮಾಡಿದವರೂ ಹೆಂಗಸರೇ.

ಅಮೆರಿಕದ ಮೆಥೊಡಿಸ್ಟರೇನೂ ಕಮ್ಮಿಯಿಲ್ಲ. 1888ರ ಅವರ ಮಹಾಸಭೆ ಡೀಕನೆಸ್ ಎಂಬ ಸೇವಕಿಯರ ವರ್ಗಕ್ಕೆ ಮನ್ನಣೆ ಕೊಟ್ಟಿತು. ಅದೇ ಮಹಾಸಭೆಗೆ ಆರಿಸಿ ಬಂದಿದ್ದ ಫ್ರಾನ್ಸಿಸ್ ವಿಲಾರ್ಡ್ ಮುಂತಾದ ಐವರು ಹೆಂಗಸರನ್ನು ಕೂರಲು ಬಿಡಲಿಲ್ಲ. ದುಡಿಯಲು ಬಾ, ಓಟು ಹಾಕಲು ಬರಬೇಡ. ಅಮೆರಿಕದಲ್ಲಿ ಹೆಂಗಸರಿಗೆ ಪೂರ್ಣ ಬೋಧಕ ಹಕ್ಕು ಸಿಕ್ಕಿದ್ದು 1956ರಲ್ಲಿ. ನಮ್ಮ ನೆರೆಯ ದಕ್ಷಿಣ ಭಾರತ ಸಭೆಯವರು, ಅಂದರೆ ಸಿ.ಎಸ್.ಐ.ನವರು, 1976ರಲ್ಲಿ ಎಲಿಜಬೆತ್ ಪಾಲ್ ಅವರಿಗೆ ಅಭಿಷೇಕ ಮಾಡಿದರು. 2013ರಲ್ಲಿ ಪುಷ್ಪ ಲಲಿತಾ ನಂದ್ಯಾಲದ ಬಿಷಪ್ಪರಾದರು. ಬೈಬಲಿನ ಒಂದು ಅಕ್ಷರವೂ ಆ ನಡುವೆ ಬದಲಾಗಿರಲಿಲ್ಲ.

ಮಾರ್ಚ್ 17, ಭಾನುವಾರ

ಮಾಲೂರಿನ ನಿಶ್ಚಿತಾರ್ಥದ ಹುಡುಗ ಒಬ್ಬನೇ ಬೈಕಿನಲ್ಲಿ ಬಂದ. ಕೈಯಲ್ಲಿ ಮುಳಬಾಗಿಲು ದೋಸೆಯ ಪೊಟ್ಟಣ, ತಣ್ಣಗಾಗಿತ್ತು. ಎರಡು ಲೋಟ ಕಾಫಿ ಆದಮೇಲೆ ಬಾಯಿ ಬಿಟ್ಟ. "ಅಣ್ಣ ಓದಿದ್ದು ಅವಳಿಗೆ ಬೇಜಾರಾಗಿದೆ ಆಂಟಿ. ಆದ್ರೆ ವಾಕ್ಯ ವಾಕ್ಯಾನೇ ಅಲ್ವಾ?"

ವಾದ ಮಾಡಲಿಲ್ಲ. ಅವನ ಮುಂದೆಯೇ ಬೈಬಲ್ ಇಟ್ಟು ಎಫೆಸದ ಪತ್ರದ ಐದನೆಯ ಅಧ್ಯಾಯದ 21ರಿಂದ ಆರನೆಯ ಅಧ್ಯಾಯದ 9ರವರೆಗೆ ಗಟ್ಟಿಯಾಗಿ ಓದು ಎಂದೆ. ಓದಿದ. ದಾಸರ ಹತ್ತಿರ ಬಂದಾಗ ನಿಧಾನಿಸಿದ. ಅವರಪ್ಪ ಕೂಡ ಚಿಕ್ಕಂದಿನಲ್ಲಿ ದನ ಕಾಯಲು ಜೀತಕ್ಕಿದ್ದವರಂತೆ. "ಇದು ಈಗ ಇಲ್ವಲ್ಲ" ಎಂದ. ಇಲ್ಲ ಎಂದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯ ತೋರಿಸಿದೆ. ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆಯಿಂದ ಶುರುವಾಗುವ ಆ ಪಟ್ಟಿಯಲ್ಲಿ ಹತ್ತು ಜನ ಹೆಂಗಸರಿದ್ದಾರೆ, ಬಹಳ ದುಡಿದರು ಎಂದು ಪೌಲ ಹೊಗಳುವ ನಾಲ್ವರೂ ಹೆಂಗಸರೇ. ಅದನ್ನು ಅವನು ಫೋನಿನಲ್ಲಿ ಫೋಟೋ ತೆಗೆದುಕೊಂಡ. ಅಣ್ಣನಿಗೆ ತೋರಿಸಲು ಇರಬೇಕು.

ಮದುವೆ ಮೇ ತಿಂಗಳಲ್ಲಿ. ಪಾಠವನ್ನು 21ರಿಂದ ಓದಬೇಕು, ಹೆಂಡತಿಯ ಮೂರು ವಚನ ಹುಡುಗಿಯೂ ಗಂಡನ ಭಾಗವನ್ನೆಲ್ಲ ಹುಡುಗನೂ ತಾವೇ ಓದಬೇಕು ಎಂದು ಇಬ್ಬರೂ ಫೋನಿನಲ್ಲೇ ಮಾತಾಡಿಕೊಂಡರು. ಅಣ್ಣ ಇನ್ನೂ ಒಪ್ಪಿಲ್ಲ. ತಾಳಿಯ ಮಾತು ಹಾಗೇ ಇದೆ. ತಂಗಿ ಆಗಲೇ ಶೆಟ್ಟರ ಅಂಗಡಿಯಲ್ಲಿ ಮುಂಗಡ ಕೊಟ್ಟು ಬಂದಿದ್ದಾಳಂತೆ.